ದುಡ್ಡು ಗನ್ನಿಗಲ್ಲ, ಕಾಕಿಗೆ

ಅವ್ವನ ಮೊಣಕಾಲು ನೋವು ಹೆಚ್ಚಾದ ಮೇಲೆ ಸೇಡಂನ ನಮ್ಮ ಮನೆಗೆ ಕಮೋಡ್ ಬಂತು. ಕೂತಲ್ಲಿಂದ ಬಗ್ಗಿ ಚರಗಿ ಎತ್ತುವುದೂ ಅವಳಿಗೆ ಕಷ್ಟವೇ. ಸರಿ, ಜೆಟ್ ಸ್ಪ್ರೇ ಹಾಕಿಸೋಣ ಎಂದು ಪೇಟೆಗೆ ಹೋದೆ. ಡಬ್ಬಿಯ ಮೇಲೆ ಹೆಲ್ತ್ ಫಾಸೆಟ್ ಎಂದಿತ್ತು. ಗನ್, ಪೈಪು, ಗೋಡೆಯ ಕೊಂಡಿ ಎಲ್ಲ ಸೇರಿ 250 ರೂಪಾಯಿ, ಪ್ಲಂಬರ್ ಕೂಲಿ 150. ನಾನೂರರಲ್ಲಿ ಕೆಲಸ ಮುಗಿಸಿದೆ ಎಂದು ಬೀಗಿದೆ.

ಎರಡೇ ದಿನಕ್ಕೆ ಪೈಪು ಕೂಡುವಲ್ಲಿ ಹನಿ ಶುರುವಾಯಿತು. ಪಾನಾ ಹಿಡಿದು ಇದ್ದ ಬಲವೆಲ್ಲ ಹಾಕಿ ನಾನೇ ಬಿಗಿದೆ. ಹನಿ ನಿಂತಿತು. 2025ರ ಮೇ ತಿಂಗಳ ಒಂದು ರಾತ್ರಿ ಅವ್ವ ಕೂಗಿದಳು: “ಏಳು, ಮನಿಯಾಗ ಕಾಗಿಣಾ ಹೊಳಿ ಹೊಕ್ಕದ!” ಪ್ಲಾಸ್ಟಿಕ್ ನಟ್ಟು ಸೀಳಿತ್ತು. ಟಾಕಿಯ ನೀರೆಲ್ಲ ಶಹಾಬಾದ್ ಪರಸಿಯ ಮೇಲೆ ಪಡಸಾಲೆವರೆಗೆ ಹರಿದು, ಗೋಡೆಗೆ ಆನಿಸಿಟ್ಟಿದ್ದ ತೊಗರಿ ಚೀಲದ ತಳ ತೊಯ್ದಿತ್ತು.

ಬೆಳಿಗ್ಗೆ ಲೆಕ್ಕ ಹಾಕಿದೆ. ಟ್ಯಾಂಕರ್ ನೀರಿಗೆ 600. ಕೆಟ್ಟು ಎಮ್ಮೆಯ ಪಾಲಾದ ತೊಗರಿ 20 ಕಿಲೊ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ಹಿಡಿದರೂ 1,510. ಮೊದಲಿನ 400 ಸೇರಿಸಿದರೆ 2,510 ರೂಪಾಯಿ.

ರಿಪೇರಿಗೆ ಚಿತ್ತಾಪುರದಿಂದ ಬಂದ ಹಿರಿಯ ಪ್ಲಂಬರ್ ಸೀಳಿದ ನಟ್ಟನ್ನು ಅಂಗೈಯಲ್ಲಿಟ್ಟು ತೋರಿಸಿದರು. “ಬಿಗಿ ಬ್ಯಾರೆ, ಜುಲುಮಿ ಬ್ಯಾರೆ ರೀ. ಕೈಲೆ ತಿರುವಿ, ಆಮ್ಯಾಲ ಪಾನಾಲೆ ಕಾಲು ಸುತ್ತು ಸಾಕು.” ಟೆಫ್ಲಾನ್ ಟೇಪನ್ನು ಗೋಡೆಯೊಳಗೆ ಹೋಗುವ ಕಾಕಿನ ಮರೆಗೆ ಮಾತ್ರ ಸುತ್ತಿದರು. ಪೈಪಿನ ತುದಿಗೆ ಟೇಪ್ ಬೇಡ, ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ನನ್ನ ಹನಿಗೂ ಕಾರಣ ಅದೇ: ವಾಷರ್ ಓರೆಯಾಗಿ ಕೂತಿತ್ತು.

ಈ ಸಲದ ಖರ್ಚು: ಹಿತ್ತಾಳೆಯ ಅರ್ಧ ಇಂಚಿನ ಆಂಗಲ್ ಕಾಕ್ 450, ಹಿತ್ತಾಳೆ ನಟ್ಟಿನ ಸ್ಟೀಲ್ ಪೈಪು 300, ಗನ್ 350, ಕೂಲಿ 200. ಒಟ್ಟು 1,300. ಮೊದಲೇ ಹೀಗೆ ಮಾಡಿದ್ದರೆ ತೊಗರಿ ಉಳಿಯುತ್ತಿತ್ತು. ಗನ್ ಮಾತ್ರ ಪ್ಲಾಸ್ಟಿಕ್ಕಿನದೇ ತಂದೆ. ಹಿತ್ತಾಳೆಯದು ಅವ್ವನ ಕೈಗೆ ಭಾರ, ಜಾರಿ ಬಿದ್ದರೆ ಕಮೋಡಿಗೂ ಪೆಟ್ಟು. ಗನ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಮನೆ ಕಾಯುವುದು ಕಾಕು. ಬಳಸಿದ ಮೇಲೆ ಅದನ್ನು ಬಂದ್ ಮಾಡಿ ಗನ್ನನ್ನು ಒಮ್ಮೆ ಒತ್ತಿಬಿಟ್ಟರೆ ಪೈಪು, ನಟ್ಟುಗಳ ಮೇಲೆ ರಾತ್ರಿಯಿಡೀ ಒತ್ತಡ ಇರುವುದಿಲ್ಲ.

ಕೊಳ್ಳುವ ಮೊದಲು ನೀರಿನ ಒತ್ತಡ ನೋಡಿ. ನೀರು ಹತ್ತು ಮೀಟರ್ ಮೇಲಿದ್ದರೆ ಸುಮಾರು ಒಂದು ಬಾರ್. ವಾಡಿಯಲ್ಲಿ ತಂಗಿಯದು ಮೂರಂತಸ್ತಿನ ಕಟ್ಟಡದ ನೆಲಮಹಡಿ, ಅಲ್ಲಿ ನೀರು ಚುಚ್ಚುತ್ತದೆ. ಕಾಕನ್ನು ಅರ್ಧವೇ ತೆರೆಯಬೇಕು. ನಮ್ಮ ಟಾಕಿ ನಾಲ್ಕೇ ಮೀಟರ್ ಎತ್ತರ, ಪೂರ್ತಿ ತೆರೆದರೂ ಹಿತ.

ಚಿಂಚೋಳಿಯ ಮಾವನ ಮನೆಯದು ಬೋರ್ ನೀರು. ಆರು ತಿಂಗಳಿಗೆ ಗನ್ನಿನ ತೂತುಗಳು ಬಿಳಿ ಕಟ್ಟಿ ಮುಚ್ಚಿಹೋದವು. ನಮ್ಮ ಪರಸಿಗೂ ಸಿಮೆಂಟಿಗೂ ಕಾರಣವಾದ ಸುಣ್ಣಕಲ್ಲೇ ನೀರಿನಲ್ಲೂ ಕರಗಿ ಬರುತ್ತದೆ. ಗನ್ನಿನ ಮುಖ ಬಿಚ್ಚಿ ನಿಂಬೆರಸದಲ್ಲಿ ಅರ್ಧ ತಾಸು ನೆನೆಸಿ ತೊಳೆದರೆ ತೂತು ಬಿಡುತ್ತವೆ. ಈ ಕೆಲಸ ಬಟ್ಟಲಲ್ಲೇ ಆಗಲಿ: ಹುಳಿ ಬಿದ್ದರೆ ಪರಸಿಯ ಹೊಳಪು ಹೋಗುತ್ತದೆ.

ಇನ್ನು ಮೂರು ಎಚ್ಚರಿಕೆ. ಸಂಪರ್ಕ ಟಾಕಿಯಿಂದ ಇರಲಿ, ಕುಡಿಯುವ ನಳದ ಲೈನಿನಿಂದ ಬೇಡ. ಗನ್ನನ್ನು ಕಮೋಡಿನೊಳಗಾಗಲಿ ಬಕೆಟ್ಟಿನಲ್ಲಾಗಲಿ ಮುಳುಗಿಸಿ ಬಿಡಬೇಡಿ. ಲೈನು ಖಾಲಿಯಾದಾಗ ಹೊಲಸು ನೀರನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ಮತ್ತೆ, ನಮ್ಮ ಬ್ಯಾಸಿಗೆಯ ಮಧ್ಯಾಹ್ನ ಟಾಕಿಯ ನೀರು ಕಾದಿರುತ್ತದೆ. ಮೊದಲು ಅಂಗೈಗೆ ಬಿಟ್ಟು ನೋಡಿ.

ಈಗ ಸಂಡಾಸದಿಂದ ಯಾರೇ ಹೊರಬಂದರೂ ಅವ್ವನದು ಒಂದೇ ಪ್ರಶ್ನೆ: “ಕಾಕ ಬಂದ್ ಮಾಡಿದಿ?” ಬಂದ ಬೀಗರಿಗೂ ಬಿಡುವುದಿಲ್ಲ. ಆದರೂ ತೊಗರಿ ಚೀಲವನ್ನು ಅವಳು ಮಣೆಯ ಮೇಲೆ ಇಡಿಸಿದ್ದಾಳೆ.