ಮನೆಗೆ ಎಷ್ಟು ದೊಡ್ಡ ಸೌರ ಫಲಕ ಬೇಕು?

ಮದ್ದೂರು ಸುತ್ತಿನ ತೋಟದ ಮನೆಗಳಿಗೆ ಸೌರ ಫಲಕ ಹಾಕಿಸುವ ಸದಸ್ಯ ಬಾಂಧವರು ಮೊದಲು ವಿಚಾರಿಸುವುದು ಬೆಲೆಯನ್ನು. ಅದಕ್ಕೂ ಮೊದಲು ಮನೆಯ ವಿದ್ಯುತ್ ಬಳಕೆಯನ್ನು ಬರೆದಿಡಬೇಕೆಂಬುದು ನಮ್ಮ ಸಲಹೆ.

9 ವ್ಯಾಟಿನ 4 ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 180 ವ್ಯಾಟ್-ಗಂಟೆ. 70 ವ್ಯಾಟಿನ 2 ಫ್ಯಾನುಗಳು 6 ಗಂಟೆಗೆ 840, 60 ವ್ಯಾಟಿನ ಟಿ.ವಿ. 4 ಗಂಟೆಗೆ 240. ಒಟ್ಟು 1,260. ಬ್ಯಾಟರಿ, ಇನ್ವರ್ಟರುಗಳಲ್ಲಿ ನಷ್ಟವಾಗುವುದಕ್ಕೆ ಕಾಲು ಭಾಗ ಸೇರಿಸಿದರೆ 1,575. ಇದನ್ನು ದಿನದ ಪೂರ್ಣ ಬಿಸಿಲಿನ ಗಂಟೆಗಳಿಂದ ಭಾಗಿಸಬೇಕು. ಬೇಸಿಗೆಯಲ್ಲಿ ಐದೂವರೆ ಗಂಟೆ ಸಿಕ್ಕೀತು; ಆದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೋಡದ ತಿಂಗಳನ್ನು. ಮೂರೂವರೆ ಗಂಟೆಯೆಂದರೆ 450 ವ್ಯಾಟಿನ ಫಲಕ ಬೇಕು. ಬೇಸಿಗೆಯ ಲೆಕ್ಕ ನಂಬಿ 300 ವ್ಯಾಟಿನದನ್ನು ಕೊಂಡವರಿಗೆ ಮಳೆಗಾಲದಲ್ಲಿ ಮತ್ತೆ ಸೀಮೆಎಣ್ಣೆ ಬುಡ್ಡಿಯೇ ಗತಿ!

12 ವೋಲ್ಟಿನ, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಹಿಡಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಬಳಸುತ್ತ ಬಂದರೆ ಬೇಗ ಕೆಡುವುದರಿಂದ ಇಂಥವು 2 ಬೇಕು.

1 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 1 ಯೂನಿಟ್ ನುಂಗುತ್ತದೆ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಲೈನಿನ ವಿದ್ಯುತ್ ಇದ್ದು, 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಸೌಲಭ್ಯವನ್ನೂ ಪಡೆದವರು ಕರೆಂಟು ಹೋಗುವ ಗಂಟೆಗಳಿಗಷ್ಟೇ ಲೆಕ್ಕ ಹಾಕಿದರೆ ಸಾಕು.

ಫಲಕ ದಕ್ಷಿಣಕ್ಕೆ ಮುಖಮಾಡಿರಲಿ. ಅಡಿಕೆ ಅಥವಾ ಸಿಲ್ವರ್ ಓಕ್ ಮರದ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಬಹಳಷ್ಟು ಇಳಿಯುತ್ತದೆ. ಕೊಳ್ಳುವ ಮುನ್ನ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸೂರಿನ ಮೇಲಿನ ನೆರಳನ್ನು ಒಂದು ದಿನ ನೋಡತಕ್ಕದ್ದು.