ದೇಹದ ಗಡಿಯಾರ ಮತ್ತು ಕಾಲದ ಅರಿವು

ಹನೂರು ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರೈತರು ಇರುಳೆಲ್ಲ ಅಟ್ಟಣೆಯ ಮೇಲೆ ಕಾವಲಿರುತ್ತಾರೆ. ಬೆಳಗಿನ ಜಾವದಲ್ಲಿ ‘ಒಂದು ನಿಮಿಷ ಕಣ್ಣು ಮುಚ್ಚಿದೆ’ ಎಂದುಕೊಂಡವರಿಗೆ ಎಚ್ಚರವಾಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುವುದುಂಟು. ಇದನ್ನು ಕೇವಲ ಆಲಸ್ಯವೆನ್ನಲಾಗದು; ಇದರಲ್ಲಿ ದೇಹಧರ್ಮದ ಪಾಲೂ ಇದೆ.

ಮೆದುಳಿನಲ್ಲಿ, ಎರಡೂ ಕಣ್ಣುಗಳ ನರಗಳು ಸಂಧಿಸುವ ಸ್ಥಳದ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಇದೇ ದೇಹದ ಮುಖ್ಯ ಗಡಿಯಾರ. ನಿದ್ರೆ, ಎಚ್ಚರ, ದೇಹದ ಶಾಖ ಇವೆಲ್ಲ ಇದರ ಲಯವನ್ನು ಅನುಸರಿಸುತ್ತವೆ. ಇದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಮುಂಜಾನೆಯ ಬೆಳಕು ಅದನ್ನು ಪ್ರತಿದಿನ ಸರಿಪಡಿಸುತ್ತದೆ.

ಬೆಳಕು ತಪ್ಪಿದರೆ ಕಾಲದ ಎಣಿಕೆಯೂ ತಪ್ಪುತ್ತದೆ. 1962ರಲ್ಲಿ ಫ್ರಾನ್ಸಿನ ಮಿಶೆಲ್ ಸಿಫ್ರ್ ಎಂಬ ತರುಣ ವಿಜ್ಞಾನಿ ಗಡಿಯಾರವಿಲ್ಲದೆ ಎರಡು ತಿಂಗಳು ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ವಾಸಿಸಿದರು. ಸೆಪ್ಟೆಂಬರ್ 14ರಂದು ಹೊರಬಂದಾಗ ಅವರ ಲೆಕ್ಕದಲ್ಲಿ ಅಂದು ಆಗಸ್ಟ್ 20 ಆಗಿತ್ತು!

ದೇಹದ ಶಾಖಕ್ಕೂ ಕಾಲದ ಅರಿವಿಗೂ ನಂಟಿದೆ. ಜ್ವರ ಏರಿದಾಗ ಮನಸ್ಸಿನಲ್ಲಿ ಸೆಕೆಂಡುಗಳನ್ನು ಎಣಿಸುವ ವೇಗವೂ ಏರುವುದನ್ನು ಅಮೆರಿಕದ ಹಡ್ಸನ್ ಹೋಗ್ಲೆಂಡ್ 1930ರ ದಶಕದಲ್ಲಿ ತಮ್ಮ ಪತ್ನಿಯ ಕಾಯಿಲೆಯ ವೇಳೆ ಗಮನಿಸಿದರು. ಶಾಖ ತಗ್ಗಿದಾಗ ಎಣಿಕೆ ನಿಧಾನವಾಗುವ ಸಂಭವವಿದೆ. ನಮ್ಮ ದೇಹದ ಶಾಖ ಸಂಜೆ ಹೆಚ್ಚಿದ್ದು, ಬೆಳಗಿನ ಜಾವ ನಾಲ್ಕೈದು ಗಂಟೆಯ ಸುಮಾರಿಗೆ ಅತಿ ಕಡಿಮೆ ಇರುತ್ತದೆ. ನಿದ್ರೆಯ ಒತ್ತಡವೂ ಆಗಲೇ ಪ್ರಬಲ. ಆದ್ದರಿಂದ ಆ ಹೊತ್ತಿನಲ್ಲಿ ನಮ್ಮ ಕಾಲದ ಅಂದಾಜನ್ನಾಗಲಿ, ಎಚ್ಚರದ ಅಂದಾಜನ್ನಾಗಲಿ ಪೂರ್ತಿ ನಂಬಲಾಗದು.

ಕಾವಲಿನವರು, ಕೊಳ್ಳೇಗಾಲ–ಯಳಂದೂರು ಬಯಲಿನಲ್ಲಿ ರಾತ್ರಿ ನೀರು ಹಾಯಿಸುವವರು, ಮಹದೇಶ್ವರ ಬೆಟ್ಟಕ್ಕೆ ಇರುಳಿನಲ್ಲಿ ನಡೆಯುವ ಭಕ್ತರು ಇದನ್ನು ನೆನಪಿಡಬೇಕು. ಕಾವಲಿಗೆ ಇಬ್ಬರಿದ್ದು ಸರದಿಯಂತೆ ಮಲಗುವುದು ಲೇಸು. ಸರದಿ ಬದಲಾಯಿಸಲು ಅಂದಾಜನ್ನು ನೆಚ್ಚದೆ ಗಡಿಯಾರವನ್ನೇ ನೋಡಬೇಕು. ನಿದ್ದೆಗೆಟ್ಟ ಬೆಳಗ್ಗೆ ಬೈಕ್ ಏರುವ ಮುನ್ನ ತುಸು ಮಲಗಿ ಏಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಔಷಧ ಸೇವಿಸುವವರು ರಾತ್ರಿ ದುಡಿಯುವುದಾದರೆ ಮಾತ್ರೆಯ ವೇಳೆಯನ್ನು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕು.

ಉಳಿದವರು ನಿತ್ಯವೂ ಒಂದೇ ವೇಳೆಗೆ ಎದ್ದು, ಮುಂಜಾನೆಯ ಬೆಳಕಿನಲ್ಲಿ ಸ್ವಲ್ಪ ನಡೆದಾಡಿ, ಪೂಜೆ, ಪ್ರಸಾದ, ನಿದ್ರೆಗಳನ್ನು ಹೊತ್ತಿಗೆ ಸರಿಯಾಗಿ ನಡೆಸಿದರೆ ದೇಹದ ಗಡಿಯಾರ ಹಾದಿ ತಪ್ಪದು. ಕಾಯಕವನ್ನು ಹೊತ್ತವನು ಕಾಯವನ್ನೂ ಕಾಯಬೇಕಲ್ಲವೇ?