ಮೊನಾರ್ಕ್ ಚಿಟ್ಟೆಗಳ ಬೆಟ್ಟಕ್ಕೆ

ಪ್ರಶ್ನೆ: ಫೆಬ್ರುವರಿಯಲ್ಲಿ ಹ್ಯೂಸ್ಟನ್ನಿನ ಮಗಳ ಮನೆಗೆ ಹೋಗುತ್ತಿದ್ದೇವೆ. ಮೆಕ್ಸಿಕೊದ ಚಿಟ್ಟೆ ಕಾಡಿಗೂ ಹೋಗಿಬರೋಣ ಎನ್ನುತ್ತಾಳೆ. ಯಜಮಾನರಿಗೆ ಮಂಡಿನೋವು. ಮೆಕ್ಸಿಕೊ ಸಿಟಿಯಿಂದ ಒಂದೇ ದಿನದಲ್ಲಿ ನೋಡಿಬರಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಬರಬಹುದು, ಆದರೆ ಬೇಡ. ಮಿಚೊವಾಕಾನ್ ರಾಜ್ಯದ ಆಂಗಾಂಗೆಯೊ ಊರಿಗೆ ರಸ್ತೆಯಲ್ಲೇ ಸುಮಾರು ಮೂರು ಗಂಟೆ. ಅಷ್ಟು ದೂರ ಹೋದ ದಿನವೇ ಮೋಡ ಕವಿದರೆ, ಒಯಾಮೆಲ್ ಮರಗಳಲ್ಲಿ ಒಣ ಎಲೆಯ ಗೊಂಚಲಿನಂಥದ್ದೇನೋ ಜೋತಿರುವುದು ಕಾಣುತ್ತದೆ, ಅಷ್ಟೆ. ರೆಕ್ಕೆ ಮಡಿಸಿ ಕೂತ ಮೊನಾರ್ಕ್ ಮಾಸಲು ಬಣ್ಣದ್ದು. ಬಿಸಿಲು ತಾಗಿ ಮೈ ಕಾದಾಗ ರೆಕ್ಕೆ ಬಿಚ್ಚುತ್ತವೆ. ಕೊಂಬೆಗೆ ಕೊಂಬೆಯೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಸುಮ್ಮನೆ ನಿಂತರೆ ರೆಕ್ಕೆಗಳ ಸದ್ದೂ ಕೇಳುತ್ತದೆ. ಹೆಚ್ಚಾಗಿ ಇದು ನಡುಹಗಲಿನ ಮಾತು. ಅದಕ್ಕೇ ಆಂಗಾಂಗೆಯೊದಲ್ಲಿ ಎರಡು ರಾತ್ರಿ ತಂಗಿ. ಶನಿವಾರ, ಭಾನುವಾರ ವಿಪರೀತ ಜನ. ಫೆಬ್ರುವರಿಯಂತೂ ಒಳ್ಳೆಯ ಕಾಲವೇ.

ಮಂಡಿಗಿಂತ ನನಗೆ ಉಸಿರಿನದ್ದೇ ಯೋಚನೆ. ಆಂಗಾಂಗೆಯೊ ಬಳಿಯ ಚಿಟ್ಟೆಧಾಮಗಳಾದ ಎಲ್ ರೊಸಾರಿಯೊ, ಸಿಯೆರಾ ಚಿಂಕುವಾ ಎರಡರಲ್ಲೂ ಚಿಟ್ಟೆ ಕೂರುವುದು ಸುಮಾರು 3000 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಬಾಡಿಗೆಗೆ ಕುದುರೆ ಸಿಗುತ್ತದೆ, ಆದರೆ ಕೊನೆಯ ಒಂದಿಷ್ಟು ದಾರಿ ನಡೆಯಲೇಬೇಕು. ಊರುಗೋಲು ಇರಲಿ, ಮಂಡಿ ಕೈಕೊಡುವುದು ಇಳಿಯುವಾಗ. ಹೃದಯದ ತೊಂದರೆ, ಅಸ್ತಮಾ ಇದ್ದರೆ ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ.

ಪ್ರಶ್ನೆ: ಪ್ರತಿವರ್ಷ ಅವೇ ಚಿಟ್ಟೆಗಳು ಬರುತ್ತವೆಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲಮ್ಮ. ಮಾರ್ಚ್‌ನಲ್ಲಿ ಕಾಡು ಬಿಟ್ಟವು ಟೆಕ್ಸಾಸ್ ಕಡೆ ಹೋಗಿ, ನಮ್ಮ ಎಕ್ಕದ ಬಳಗದ ಮಿಲ್ಕ್‌ವೀಡ್ ಗಿಡಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮಕ್ಕಳು, ಮೊಮ್ಮಕ್ಕಳು ಕೆನಡಾದವರೆಗೂ ಹಬ್ಬುತ್ತವೆ. ಒಂದೊಂದರ ಆಯುಸ್ಸು ಕೆಲವೇ ವಾರ. ಬೇಸಿಗೆ ಮುಗಿಯುವಾಗ ಹುಟ್ಟುವ ಪೀಳಿಗೆ ಮಾತ್ರ ಏಳೆಂಟು ತಿಂಗಳು ಬದುಕಿ, ತಾನೆಂದೂ ಕಂಡಿರದ ಅದೇ ಬೆಟ್ಟಕ್ಕೆ ನವೆಂಬರ್ ಹೊತ್ತಿಗೆ ಬಂದಿಳಿಯುತ್ತದೆ. ಕೆನಡಾದ ವಿಜ್ಞಾನಿ ಫ್ರೆಡ್ ಅರ್ಕ್‌ಹಾರ್ಟ್ ದಶಕಗಳ ಕಾಲ ರೆಕ್ಕೆಗೆ ಚೀಟಿ ಅಂಟಿಸಿ ಇವುಗಳ ಜಾಡು ಹಿಡಿದರು. ಅವರಿಗಾಗಿ ಹುಡುಕುತ್ತಿದ್ದ ಕೆನ್ ಬ್ರಗರ್, ಕತಾಲಿನಾ ಅಗ್ವಾದೊ ದಂಪತಿ 1975ರ ಜನವರಿಯಲ್ಲಿ ಈ ಕಾಡು ಮುಟ್ಟಿದರು. ಇದನ್ನು ‘ಪತ್ತೆ’ ಎನ್ನುವುದು ನನಗೇನೋ ಸರಿಕಾಣದು. ಚಿಟ್ಟೆ ಬರುವುದು ಆ ಹಳ್ಳಿಗಳವರಿಗೆ ಮೊದಲಿಂದಲೂ ಗೊತ್ತಿತ್ತು.

ಪ್ರಶ್ನೆ: ಅಷ್ಟು ದೂರ ಹೋಗಲಾಗದವರು?
– ಓದುಗರು, ಮೈಸೂರು

ಉತ್ತರ: ಮುಂಗಾರಿಗೆ ಮುಂಚೆ ಬ್ಲೂ ಟೈಗರ್, ಕಾಮನ್ ಕ್ರೋ ಜಾತಿಯ ಚಿಟ್ಟೆಗಳು ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ ಹಾರುತ್ತವೆ, ಮಳೆಗಾಲ ಕಳೆದ ಮೇಲೆ ಮರಳುತ್ತವೆ. ಮೇ ತಿಂಗಳಲ್ಲಿ ಬೆಳಗಿನ ಬಿಸಿಲೇರಿದ ಮೇಲೆ ತಾರಸಿಯಲ್ಲಿ ನಿಂತು ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಅದು ವಲಸೆಯೇ.